ಟ್ಯಾಂಕಿನಲ್ಲಿ ಗೆಂಡೆ, ಕುರ್ಚಿಯಲ್ಲಿ ನಾನು

"ಈ ಭಾನುವಾರ ಆ ಕುರ್ಚಿಯಲ್ಲಿ ನಾನು ಕೂತೇ ತೀರುತ್ತೇನೆ!"

ಶನಿವಾರ ಬೆಳಿಗ್ಗೆ ಗಡ್ಡ ಕೆರೆಯುತ್ತ, ಕನ್ನಡಿಯನ್ನು ಸಾಕ್ಷಿಯಾಗಿಟ್ಟುಕೊಂಡು ನಾನು ಗೈದ ಭೀಷಣ ಪ್ರತಿಜ್ಞೆ ಇದು. ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ನನ್ನ ಹೆಂಡತಿಗೆ ಅದು ಕೇಳಿಸಿತು.

"ಕೂತ್ಕೊಳ್ಳಿ, ಯಾರು ಬೇಡ ಅಂದ್ರು? ಮೊದಲು ಅದರ ಮೇಲಿರೋ ಒಗೆಯೋ ಬಟ್ಟೆ ತೆಗೀರಿ" ಎಂದು ಬಾಗಿಲೆಳೆದುಕೊಂಡು ಹೋದಳು.

ನಾನು ಹೇಳಿದ್ದು ನಮ್ಮ ಮನೆಯ ಕುರ್ಚಿಯ ಮಾತಲ್ಲ. ಅದರ ಮೇಲೆ ವಾರದ ಬಟ್ಟೆಯ ರಾಶಿ ಕೂತಿರುತ್ತದೆ, ನಮಗೆ ಜಾಗವಿಲ್ಲ. ನಾನು ಹೇಳಿದ್ದು ಹಲ್ಲಿನ ಡಾಕ್ಟರ ಕುರ್ಚಿ. ಲೋಕವೆಲ್ಲ ಯಾವ ಕುರ್ಚಿಯನ್ನು ಕಂಡರೆ ಬೆವರುತ್ತದೋ, ಅದರ ಮೇಲೆ ಒಂದೇ ಒಂದು ಸಲ ಕೂರಬೇಕೆಂದು ವರ್ಷಕ್ಕೂ ಮೇಲೆ ಹಂಬಲಿಸಿದ ಏಕಮಾತ್ರ ಜೀವಿ ನಾನು. ಹುಚ್ಚು ಎನ್ನುವ ಮೊದಲು ಸ್ವಲ್ಪ ಕೇಳಿ.

ನಮ್ಮದೊಂದು ಗಾಳ ಹಾಕುವವರ ಗುಂಪಿದೆ. ಡಾಕ್ಟರು, ಟೈಲರು, ಗಣಿತದ ಮೇಷ್ಟ್ರು, ಬಾಲದ ತುದಿಯಲ್ಲಿ ನಾನು. ಭಾನುವಾರ ಸಂಜೆ ಕ್ಲಿನಿಕ್ಕಿಗೆ ರಜೆಯಾದ್ದರಿಂದ ಅಲ್ಲೇ ಸೇರುತ್ತೇವೆ. ಆ ವಾರ ಮೀನು ಹಿಡಿದವರು ಡಾಕ್ಟರ ಕುರ್ಚಿಯೇರಿ ಒರಗಬೇಕು. ಮುಖದ ಮೇಲೆ ಆ ಬೆಳ್ಳಗಿನ ದೀಪ ಹೊತ್ತಿಸಲಾಗುತ್ತದೆ. ಯಾವ ಮೀನು, ಯಾವ ನೀರು, ಗಾಳಕ್ಕೆ ಏನು ಚುಚ್ಚಿದ್ದು, ಎಷ್ಟು ಹೊತ್ತು ಎಳೆದಾಡಿತು, ಎಲ್ಲವನ್ನೂ ಬಿಡಿಸಿ ಹೇಳಬೇಕು. ಆ ದೀಪದ ಕೆಳಗೆ ಸುಳ್ಳು ಹೇಳಿದರೆ ದವಡೆಯಲ್ಲೇ ಗೊತ್ತಾಗುತ್ತದೆ ಎಂಬುದು ಡಾಕ್ಟರ ಸಿದ್ಧಾಂತ. ಏನೂ ಹಿಡಿಯದವರು ರೋಗಿಗಳು ಕಾಯುವ ಬೆಂಚಿನಲ್ಲಿ ಕೂತು ಕೇಳಬೇಕು.

ಕೋಳಿ ಕರುಳು ಚುಚ್ಚಿ ಟೈಲರು ಹಾವುಮೀನು ಎಳೆದ ಕಥೆಯನ್ನು ನಾನು ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಗಾಳಿಯ ದಿಕ್ಕು, ನೀರಿನ ಆಳ, ತಮ್ಮ ತಾಳ್ಮೆ ಮೂರನ್ನೂ ಗುಣಿಸಿ ಮೇಷ್ಟ್ರು ಬಾಳೆಮೀನು ಹಿಡಿದದ್ದನ್ನೂ ಕೇಳಿದ್ದೇನೆ. ಡಾಕ್ಟರು ಬರೀ ಬ್ರೆಡ್ಡಿನ ಚೂರಿಗೆ ಕಾಟ್ಲಾ ಬೀಳಿಸಿದ್ದನ್ನಂತೂ ಮೂರು ಭಾನುವಾರ ಕೇಳಿದ್ದೇನೆ, ಪ್ರತಿ ಸಲವೂ ಕಾಟ್ಲಾ ಸ್ವಲ್ಪ ಬೆಳೆದಿತ್ತು. ನಾನು "ಓಹೋ" ಎನ್ನುತ್ತೇನೆ, "ಆಮೇಲೆ?" ಎನ್ನುತ್ತೇನೆ. ಬೆಂಚಿನ ಕೆಲಸ ಅಷ್ಟೇ.

ನನ್ನ ನೌಕರಿಯೂ ಅದೇ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂರುವವನು ನಾನು. ಮೀಟರು ಓಡುತ್ತಿಲ್ಲ ಎಂದು ಒಬ್ಬರು ಬರುತ್ತಾರೆ, ವಿಪರೀತ ಓಡುತ್ತಿದೆ ಎಂದು ಇನ್ನೊಬ್ಬರು. ಎರಡೂ ನನ್ನದೇ ತಪ್ಪು. ಮನೆಗೆ ಬಂದರೆ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಬಾತುಕೊಂಡ ಹೆಂಡತಿ, ನಲವತ್ತು ಸೀರೆ ಬಿಚ್ಚಿಸಿ ಕರವಸ್ತ್ರ ಕೊಂಡುಹೋದ ಗಿರಾಕಿಯ ಕಥೆ ಹೇಳುತ್ತಾಳೆ. ಅದನ್ನೂ ಕೇಳುತ್ತೇನೆ, ಅರ್ಧಕ್ಕೇ ನಿದ್ದೆ ಹೋಗುತ್ತೇನೆ, ಅದು ಬೇರೆ ಮಾತು. ಒಟ್ಟಿನಲ್ಲಿ ಕೇಳಿ ಕೇಳಿ ಸಾಕಾಗಿತ್ತು ಸ್ವಾಮಿ! ಜೀವಮಾನದಲ್ಲಿ ಒಂದು ಸಲ ನಾನು ಮಾತಾಡಬೇಕು, ಮಿಕ್ಕವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಮೀನು ಬರೀ ನೆಪ.

ಆ ಶನಿವಾರ ನನಗೆ ರಜೆ. ಕೆರೆಯ ದಂಡೆಗೆ ಹೋಗಿ, ಗಾಳ ಎಸೆದು, ಕೋಲನ್ನು ತೊಡೆಯಡಿ ಸಿಕ್ಕಿಸಿಕೊಂಡು, ನೀರನ್ನು ಏಕಾಗ್ರತೆಯಿಂದ ನೋಡುತ್ತ ನೋಡುತ್ತ ಸೊಗಸಾಗಿ ನಿದ್ದೆ ಹೋದೆ. ಎಚ್ಚರವಾದದ್ದು ಕೋಲು ನನ್ನನ್ನು ಬಿಟ್ಟು ನೀರಿಗೆ ಹೊರಟಾಗ. ಅಪ್ಪಿ ಹಿಡಿದು ಬೋರಲು ಬಿದ್ದು ಎಳೆದೆ. ಬಂತು! ಮೊಳದುದ್ದದ ಗೆಂಡೆ! ಹೊಳೆಯುವ ಹುರುಪೆ, ದಪ್ಪ ತುಟಿ, ನನ್ನ ಮ್ಯಾನೇಜರರಂತೆಯೇ ಏನೋ ಕೇಳಿ ಅಸಮಾಧಾನಗೊಂಡ ಮುಖ. ನನ್ನ ಕಣ್ಣಲ್ಲಿ ನೀರು ಬಂದಿತೆಂದರೆ ನಂಬಿ.

ಆದರೆ ನಮ್ಮ ಗುಂಪಿನಲ್ಲಿ ಎರಡು ಜೊತೆ ಕಣ್ಣಿನ ಕಾನೂನು ಇದೆ. ಮೀನನ್ನು ಹಿಡಿದವರ ಕೈಯಲ್ಲಿ, ಜೀವಂತವಾಗಿ, ಕನಿಷ್ಠ ಇಬ್ಬರು ಸದಸ್ಯರು ನೋಡಿರಬೇಕು. ಹಿಂದೊಮ್ಮೆ ಒಬ್ಬ ಸದಸ್ಯ ತಂದ ಮೀನಿನ ಕಿವಿರಿನೊಳಗೆ ಐಸಿನ ತುಂಡು ಸಿಕ್ಕಿದ ಮೇಲೆ ಬಂದ ಕಾನೂನು ಇದು. ಆ ಸದಸ್ಯ ಈಗ ಗುಂಪಿನಲ್ಲಿಲ್ಲ. ಹಾಗಾಗಿ ನನ್ನ ಗೆಂಡೆ ಭಾನುವಾರ ಸಂಜೆಯವರೆಗೆ ಬದುಕಿರಲೇಬೇಕಿತ್ತು.

ಬಕೆಟ್ಟಿನಲ್ಲಿ ಮನೆಗೆ ತಂದೆ. ಬಚ್ಚಲಲ್ಲಿಟ್ಟೆ. ಹಾರಿ ಹೊರಬಂತು. ಹಿಡಿದು ಮತ್ತೆ ಹಾಕಿದೆ. ಮತ್ತೆ ಹಾರಿತು. ಮೇಲೆ ಹಲಗೆ ಮುಚ್ಚಿದರೆ ಹಲಗೆ ಸಮೇತ ಹಾರಿತು. ಆಗ ನನ್ನ ತಲೆಗೆ ಹೊಳೆದದ್ದೇ ತಾರಸಿಯ ಟ್ಯಾಂಕು. ಕೆಳಗಿನ ಮನೆ ಮಾಲೀಕರಮ್ಮನಿಗೂ ಮೇಲಿನ ನಮಗೂ ಸೇರಿ ಇರುವ ಸಿಮೆಂಟಿನ ಟ್ಯಾಂಕು. ಕತ್ತಲು, ತಂಪು, ವಿಶಾಲ. ಒಂದು ರಾತ್ರಿಯ ಮಾತು ತಾನೆ! ಹೆಂಡತಿ ಅಂಗಡಿಯಿಂದ ಬರುವ ಮೊದಲೇ ಬಕೆಟ್ಟು ಹೊತ್ತು ತಾರಸಿಗೆ ಹೋಗಿ, ಕಬ್ಬಿಣದ ಮುಚ್ಚಳ ಸರಿಸಿ, ಗೆಂಡೆಯನ್ನು ಒಳಗೆ ಬಿಟ್ಟೆ. ಅದು ಒಮ್ಮೆ ಬಾಲ ಬೀಸಿ ಕತ್ತಲಲ್ಲಿ ಮಾಯವಾಯಿತು. ಒಳಗೆ ಬಿಟ್ಟದ್ದನ್ನು ಹೊರಗೆ ತೆಗೆಯುವುದು ಹೇಗೆ ಎಂಬ ಪ್ರಶ್ನೆಯನ್ನು ನನ್ನ ಬುದ್ಧಿ ಮರುದಿನಕ್ಕೆ ಇಟ್ಟುಕೊಂಡಿತು.

ಭಾನುವಾರ ಬೆಳಿಗ್ಗೆ ಆ ಪ್ರಶ್ನೆ ಎದುರಿಗೇ ಬಂದು ನಿಂತಿತು. ಟ್ಯಾಂಕಿನ ಬಾಯಿ ಚಿಕ್ಕದು, ಒಳಗೆ ಏನೂ ಕಾಣುವುದಿಲ್ಲ. ಕೋಲಿಗೆ ಬಲೆ ಕಟ್ಟಿ ಕೈ ಸೋಲುವಷ್ಟು ಕದಡಿದೆ. ಗಾಳ ಬಿಟ್ಟೆ, ಗೆಂಡೆ ತಿರುಗಿ ನೋಡಲಿಲ್ಲ. ಆಸೆ ಹುಟ್ಟಿಸೋಣವೆಂದು ಸೋಂಪು ಕುಟ್ಟಿ ಹಾಕಿ ಕಲಸಿದ ಹಿಟ್ಟಿನ ಉಂಡೆಗಳನ್ನು ಒಂದೊಂದಾಗಿ ಬಿಟ್ಟೆ. ಗೆಂಡೆಗೆ ಸೋಂಪು ಪ್ರಾಣ ಎಂದು ಡಾಕ್ಟರು ಕುರ್ಚಿಯಿಂದ ಹೇಳಿದ್ದರು. ನನ್ನದು ಬೇರೆ ಅಭಿರುಚಿಯ ಗೆಂಡೆ ಇರಬೇಕು. ಡಬ್ಬಿಯಲ್ಲಿದ್ದ ಹಿಟ್ಟೆಲ್ಲ ಖಾಲಿಯಾಯಿತು, ಉಂಡೆಗಳು ಕರಗಿದವು, ನನ್ನ ಸೊಂಟ ಹಿಡಿದುಕೊಂಡಿತು. ಸೋತು ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ಕೂತೆ.

ಹೆಂಡತಿ ಟೀ ಕೊಟ್ಟಳು, ತಾನೂ ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದಳು.

"ರೀ, ಟೀಗೆ ಸೋಂಪಿನ ವಾಸನೆ ಯಾಕೆ ಬರ್ತಿದೆ?"

"ಹೊಸ ಟೀ ಪುಡಿ ಇರ್ಬೇಕು."

"ಪುಡಿ ಹಳೇದೇ. ನೀವ್ಯಾಕೆ ಲೋಟ ಮುಟ್ತಿಲ್ಲ?"

ಅಷ್ಟರಲ್ಲಿ ಕೆಳಗಿನಿಂದ ಮಾಲೀಕರಮ್ಮನ ಧ್ವನಿ ಬಂತು. ನೀರಿಗೆ ಏನೋ ಹೊಸ ಔಷಧಿ ಹಾಕಿದ್ದಾರಂತೆ, ಬೆಳ್ಳಗೆ ಬರುತ್ತಿದೆಯಂತೆ, ಬಾಯಿ ಮುಕ್ಕಳಿಸಿದರೆ ಕೆಮ್ಮು ಎಷ್ಟೋ ವಾಸಿಯಂತೆ. ನನ್ನ ಹೆಂಡತಿ ಆ ಕಡೆ ಕಿವಿ, ಈ ಕಡೆ ಕಣ್ಣು ಇಟ್ಟು ನನ್ನನ್ನೇ ನೋಡುತ್ತಿದ್ದಳು. ದೂರು ವಿಭಾಗದಲ್ಲಿ ಇಷ್ಟು ವರ್ಷ ಕೂತವನಿಗೆ ಗೊತ್ತು, ಅಂಥ ನೋಟಕ್ಕೆ ಮಾತೇ ಬೇಕಿಲ್ಲ. ಎಲ್ಲವನ್ನೂ ಒಪ್ಪಿಸಿದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಟ್ಟೆ ಹೇರಿದ ಕುರ್ಚಿಯನ್ನು ಒಮ್ಮೆ ನೋಡಿ ನೆಲದ ಮೇಲೇ ಕೂತುಬಿಟ್ಟಳು. "ಆರು ದಿನ ನಿಂತಿರ್ತೀನಿ. ಇವತ್ತೊಂದು ದಿನ ಬಟ್ಟೆ ಒಗೆದು ಮಧ್ಯಾಹ್ನ ಸ್ವಲ್ಪ ಮಲಗೋಣ ಅಂದ್ಕೊಂಡಿದ್ದೆ" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಮಾಡಬಾರದ್ದನ್ನು ಮಾಡುತ್ತಾನೆ. ನಾನು ಡಾಕ್ಟರಿಗೆ ಫೋನ್ ಮಾಡಿದೆ.

ಒಬ್ಬರನ್ನು ಕರೆದರೆ ಮೂವರೂ ಬಂದರು. ಮೂವರೂ ಗಾಳದ ಕೋಲು ತಂದಿದ್ದರು! ತಾರಸಿಯಲ್ಲಿ ಟ್ಯಾಂಕಿನ ಬಾಯಿಯ ಸುತ್ತ ನಮ್ಮ ಮನೆಯ ಸ್ಟೂಲುಗಳ ಮೇಲೆ ಕೂತು, ಮೂರು ಗಾಳಗಳನ್ನು ಒಂದೇ ತೂತಿಗೆ ಇಳಿಬಿಟ್ಟು ತಪಸ್ಸಿಗೆ ತೊಡಗಿದರು. ದಾರ ದಾರಕ್ಕೆ ಸುತ್ತಿಕೊಂಡು ಟೈಲರು ಹಿಡಿದದ್ದು ಮೇಷ್ಟ್ರ ಗಾಳವನ್ನು, ಮೇಷ್ಟ್ರು ಹಿಡಿದದ್ದು ಡಾಕ್ಟರ ತೋಳನ್ನು. ಬಿಡಿಸಿಕೊಂಡು ಮತ್ತೆ ಕೂತರು. ಮೀನಿಗೆ ಅವಸರ ತೋರಿಸಬಾರದು ಎಂದು ಡಾಕ್ಟರು ಪಾಠ ಹೇಳಿದರು. ಟ್ಯಾಂಕಿನ ಉದ್ದಗಲ ಅಳೆದು ಮೀನು ಈ ಮೂಲೆಯಲ್ಲೇ ಇದೆ ಎಂದು ಮೇಷ್ಟ್ರು ಸಾಧಿಸಿದರು. ಟೈಲರು ಮಾತ್ರ ಬಗ್ಗಿ ನೋಡಿ, ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

"ಒಳಗೆ ಮೀನು ಇದೆ ತಾನೆ?"

"ಇದೆ, ಇದೆ" ಎಂದೆ. ಅದಕ್ಕಿಂತ ಭಯಂಕರವಾದ ಪ್ರಶ್ನೆ ಮೇಷ್ಟ್ರಿಂದ ಬಂತು. ಈಗ ತಮ್ಮ ಗಾಳಕ್ಕೆ ಬಿದ್ದರೆ ಮೀನು ಯಾರ ಲೆಕ್ಕಕ್ಕೆ? ಡಾಕ್ಟರು ಕನ್ನಡಕ ಏರಿಸಿ ತೀರ್ಪು ಕೊಟ್ಟರು.

"ಗಾಳ ಯಾರದೋ ಮೀನು ಅವರದು. ಇವರು ಕೆರೆಯಲ್ಲಿ ಹಿಡಿದದ್ದನ್ನ ನಾವು ಯಾರೂ ನೋಡಿಲ್ಲವಲ್ಲ."

ಅಯ್ಯೋ! ನನ್ನ ಟ್ಯಾಂಕು, ನನ್ನ ಸ್ಟೂಲು, ನನ್ನ ಗೆಂಡೆ, ಕುರ್ಚಿ ಮಾತ್ರ ಅವರಿಗೆ! ತಾರಸಿಯಲ್ಲಿ ಕೂತು ಎರಡು ಮಹಡಿ ಎತ್ತರದ ಜಲಾಶಯದಿಂದ ಮೀನು ಎಳೆದ ಸಾಹಸವನ್ನು ಡಾಕ್ಟರು ಮುಂದಿನ ಎಷ್ಟು ಭಾನುವಾರ ಹೇಳಬಹುದು ಎಂದು ಯೋಚಿಸಿಯೇ ನನಗೆ ಸುಸ್ತಾಯಿತು. ಆ ಕ್ಷಣದಿಂದ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ. ಗೆಂಡೆ ಯಾರಿಗೂ ಬೀಳದಿರಲಿ. ಯಾರಾದರೂ ಕೋಲು ಅಲುಗಿಸಿದರೆ ನಾನು ಜೋರಾಗಿ ಕೆಮ್ಮುತ್ತಿದ್ದೆ, ಟ್ಯಾಂಕಿನ ಗೋಡೆಗೆ ಮೆಲ್ಲಗೆ ಒದೆಯುತ್ತಿದ್ದೆ. ಹೀಗೆ ಮಧ್ಯಾಹ್ನವಾಯಿತು.

ಆಗ ಹೆಂಡತಿ ತಾರಸಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಒಂದು ಕೈಯಲ್ಲಿ ಬಟ್ಟೆ ತುಂಬುವ ಪ್ಲಾಸ್ಟಿಕ್ ಬುಟ್ಟಿ, ಇನ್ನೊಂದರಲ್ಲಿ ಸೋಪು. ತೂತಿನ ಸುತ್ತ ಕೂತ ನಾಲ್ವರು ಗಂಡಸರನ್ನು ನೋಡಿ ನಿಟ್ಟುಸಿರಿಟ್ಟಳು.

"ಈ ನೀರು ಹೇಗಿದ್ರೂ ಕುಡಿಯೋಕಾಗಲ್ಲ. ಕೆಳಗೂ ಮೇಲೂ ಎಲ್ಲಾ ನಲ್ಲಿ ಬಿಟ್ಟಿದೀನಿ. ಮಾಲೀಕರಮ್ಮನೂ ಬಟ್ಟೆ ನೆನೆಸಿದಾರೆ. ಹಿಟ್ಟಿನ ನೀರಲ್ಲಿ ಒಗೆದ್ರೆ ಗಂಜಿ ಹಾಕೋ ಕೆಲಸ ಉಳೀತು. ಕೋಲು ಕೆಳಗಿಡಿ, ಬೆಡ್‌ಶೀಟ್ ಹಿಂಡೋಕೆ ಜನ ಬೇಕು."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅವಳು ಅವರ ಕೈಗೆ ಹಗ್ಗದ ಕ್ಲಿಪ್ಪುಗಳನ್ನು ಕೊಟ್ಟಳು. ಸಾವಿರಾರು ಜನರ ಬಾಯಿ ತೆರೆಸಿದ ಮನುಷ್ಯ ತಮ್ಮ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಒಂದು ತುದಿ, ಟೈಲರು ಇನ್ನೊಂದು ತುದಿ ಹಿಡಿದು ಬೆಡ್‌ಶೀಟು ಹಿಂಡಿದರು. ಇಬ್ಬರೂ ಒಂದೇ ದಿಕ್ಕಿಗೆ ತಿರುವುತ್ತಿದ್ದುದರಿಂದ ಬಹಳ ಹೊತ್ತು ಒಂದು ಹನಿಯೂ ಬೀಳಲಿಲ್ಲ. ನಾನು ಕೆಳಗಿನಿಂದ ಮೇಲಕ್ಕೆ ಒದ್ದೆ ಬಟ್ಟೆ ಹೊತ್ತು ಮೆಟ್ಟಿಲು ಹತ್ತಿದೆ, ಇಳಿದೆ, ಹತ್ತಿದೆ. ಮನೆಯ ಬಟ್ಟೆ, ಮಾಲೀಕರಮ್ಮನ ಬಟ್ಟೆ, ಪರದೆ, ದಿಂಬಿನ ಚೀಲ ಎಲ್ಲ ಮುಗಿಯಿತು. ಬಿಸಿಲಿಗೆ ನನ್ನ ಅಂಗಿಗಳು ಗಂಜಿ ಹಿಡಿದು ಹಲಗೆಯಂತೆ ನಿಂತವು. ಇಡೀ ತಾರಸಿ ಸೋಂಪಿನ ವಾಸನೆಯಿಂದ ಘಮಘಮಿಸಿತು.

ಸಂಜೆಯ ಹೊತ್ತಿಗೆ ಟ್ಯಾಂಕಿನಲ್ಲಿ ನೀರು ಪಾದ ಮುಳುಗುವಷ್ಟಕ್ಕೆ ಇಳಿಯಿತು. ಟೈಲರು ಟಾರ್ಚಿನ ಬೆಳಕು ಬಿಟ್ಟರು. ಇತ್ತು! ನನ್ನ ಗೆಂಡೆ, ಅರ್ಧ ಬೆನ್ನು ಹೊರಗೆ ಹಾಕಿ, ಮೇಷ್ಟ್ರು ಹೇಳಿದ ಮೂಲೆಯ ಸರಿಯಾಗಿ ಎದುರಿನ ಮೂಲೆಯಲ್ಲಿ ಕೂತಿತ್ತು. "ನೋಡಿದ್ರಾ? ಎರಡು ಜೊತೆ ಕಣ್ಣು ಆಯ್ತಲ್ಲ!" ಎಂದು ನಾನು ಕುಣಿದೆ. ಕೈಯಲ್ಲಿ ನೋಡಬೇಕು, ನೀರಲ್ಲಲ್ಲ ಎಂದು ಡಾಕ್ಟರು ಕಾನೂನು ನೆನಪಿಸಿದರು.

ಸರಿ, ಇಳಿದು ಹಿಡಿಯುತ್ತೇನೆ! ಕಾಲು ಇಳಿಯಿತು, ಮಂಡಿ ಇಳಿಯಿತು, ಹೊಟ್ಟೆ ನಿಂತಿತು. ದೂರು ವಿಭಾಗದ ಕುರ್ಚಿಯಲ್ಲಿ ಹತ್ತಾರು ವರ್ಷ ಕೂತು ಬೆಳೆಸಿದ ಹೊಟ್ಟೆ ಅದು, ಉಸಿರು ಬಿಟ್ಟರೂ ಒಪ್ಪಲಿಲ್ಲ. ಮೂವರೂ ಸೇರಿ ನನ್ನನ್ನು ಮೇಲಕ್ಕೆಳೆದರು. ಆಮೇಲೆ ಮೂವರೂ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡು ಹಿಂದೆ ಸರಿದರು.

"ಪಕ್ಕಕ್ಕೆ ಸರೀರಿ" ಎಂದಳು ಹೆಂಡತಿ. ಬುಟ್ಟಿ ಹಿಡಿದು, ಒಳಗಿನ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಡುತ್ತ ಸಲೀಸಾಗಿ ಇಳಿದಳು. ಮೇಲಿನಿಂದ ನಾಲ್ಕು ತಲೆಗಳು ಒಟ್ಟಿಗೆ ಬಗ್ಗಿ, ಬಲಕ್ಕೆ, ಎಡಕ್ಕೆ, ಹಿಂದಿನಿಂದ ಎಂದು ಸಲಹೆಯ ಮಳೆ ಸುರಿಸಿದವು. ಅವಳು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಮೂಲೆಗೆ ಬುಟ್ಟಿ ಅಡ್ಡ ಹಿಡಿದು, ಕಾಲಿನಿಂದ ನೀರು ತಳ್ಳಿದಳು. ಗೆಂಡೆ ತಾನಾಗಿ ಬುಟ್ಟಿಯೊಳಗೆ ಬಂತು. ಅದಕ್ಕೂ ಸಾಕಾಗಿತ್ತೋ ಏನೋ.

ಈಗ ನನ್ನ ಬುದ್ಧಿ ಚುರುಕಾಯಿತು. ಬುಟ್ಟಿ ಹೊರಬರುವಾಗ ಮೊದಲು ನನ್ನ ಕೈ ಮೀನಿನ ಮೇಲಿದ್ದರೆ ಅದು ನನ್ನ ಕೈಯಲ್ಲಿನ ಮೀನು! ಮಿಕ್ಕ ಮೂವರನ್ನೂ ಮೊಣಕೈಯಿಂದ ನೂಕಿ, ತಲೆ ಭುಜ ಎರಡನ್ನೂ ಟ್ಯಾಂಕಿನ ಬಾಯೊಳಗೆ ತೂರಿಸಿ, ಎರಡೂ ಕೈ ಚಾಚಿ, "ಕೊಡು ಕೊಡು, ನನಗೆ ಕೊಡು" ಎಂದೆ. ಅವಳು ಬುಟ್ಟಿಯನ್ನು ಮೇಲಕ್ಕೆತ್ತಿದಳು. ಬೆಳಕು ಕಂಡದ್ದೇ ತಡ, ಗೆಂಡೆ ಮೈಮುರಿದು ಒಂದು ಹಾರು ಹಾರಿತು. ಬುಟ್ಟಿ ಅವಳ ಕೈಯಲ್ಲಿ ಎಗರಿ, ಅದರ ಅಂಚು ಕೆಳಗಿನಿಂದ ಬಂದು ನನ್ನ ತೆರೆದ ಬಾಯಿಗೆ ಬಡಿಯಿತು. ಕಟಕ್ ಎಂದಿತು. ಕೆಳಸಾಲಿನ ಹಲ್ಲೊಂದು ಅರ್ಧಕ್ಕೆ ಮುರಿದು ಟ್ಯಾಂಕಿನೊಳಗೆ ಬಿತ್ತು. ನಾನು ಬಾಯಿ ಹಿಡಿದು ಪಕ್ಕಕ್ಕೆ ಉರುಳಿದೆ. ಹೆಂಡತಿ ಮೇಲೆ ಬಂದು, ಬುಟ್ಟಿಯಿಂದ ಗೆಂಡೆಯನ್ನು ಎರಡೂ ಕೈಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದಳು. ಮೂರು ಜೊತೆ ಕಣ್ಣುಗಳು ಅದನ್ನು ನೋಡಿದವು.

ನಂತರ ಅವಳು ನನ್ನ ಬಾಯಿ ನೋಡಿದಳು. ಅವಳ ಮುಖ ಬಾಡಿತು. "ತುಂಬಾ ನೋವಾಗ್ತಿದ್ಯಾ?" ಎಂದು ತನ್ನ ಸೆರಗಿನಿಂದಲೇ ರಕ್ತ ಒರೆಸಿದಳು. ಆಗ ತಾನೆ ಒಗೆದು ಮುಗಿಸಿದ್ದವಳು ಪಾಪ, ಇನ್ನೊಂದು ಬಟ್ಟೆ ಒಗೆಯುವುದಾಯಿತು.

ಹೀಗೆ ಅದೇ ಭಾನುವಾರ ಸಂಜೆ, ನನ್ನ ಪ್ರತಿಜ್ಞೆಯಂತೆಯೇ, ನಾನು ಆ ಕುರ್ಚಿಯೇರಿ ಒರಗಿದೆ! ಮುಖದ ಮೇಲೆ ಬೆಳ್ಳಗಿನ ದೀಪ ಹೊತ್ತಿತು. ಡಾಕ್ಟರು ದವಡೆಗೆ ಮರಗಟ್ಟುವ ಇಂಜೆಕ್ಷನ್ ಚುಚ್ಚಿ, ಬಾಯಿ ತುಂಬ ಹತ್ತಿ ತುರುಕಿದರು. ತುಟಿ ಹೋಯಿತು, ನಾಲಿಗೆ ಹೋಯಿತು, ನನ್ನ ಬಾಯಿ ಬೇರೆ ಯಾರದೋ ಆಯಿತು. ಬೆಂಚಿನಲ್ಲಿ ಟೈಲರೂ ಮೇಷ್ಟ್ರೂ ಸಿದ್ಧರಾಗಿ ಕೂತರು. ಮರುದಿನ ಬೆಳಿಗ್ಗೆ ಕೆರೆಗೆ ವಾಪಸ್ಸು ಬಿಡುವುದೆಂದು ತೀರ್ಮಾನವಾಗಿದ್ದ ಗೆಂಡೆ ಬಕೆಟ್ಟಿನಲ್ಲಿ ಕುರ್ಚಿಯ ಕಾಲ ಬಳಿ ಇತ್ತು. ಎಲ್ಲವೂ ನಾನು ವರ್ಷಕ್ಕೂ ಮೇಲೆ ಕನಸು ಕಂಡಂತೆಯೇ ಇತ್ತು.

"ಕಾನೂನಿನ ಪ್ರಕಾರ ಮೀನು ನಿಮ್ಮದಮ್ಮಾ" ಎಂದು ಡಾಕ್ಟರು ನನ್ನ ಹೆಂಡತಿಗೆ ಹೇಳಿದರು. "ಕುರ್ಚಿ ಖಾಲಿ ಇಲ್ಲ. ಈ ಸ್ಟೂಲ್ ಮೇಲೆ ಕೂತೇ ಹೇಳಿ. ಹೇಗೆ ಹಿಡಿದ್ರಿ?"

ಅಲ್ಲ, ಅದನ್ನು ಹಿಡಿದವನು ನಾನು, ಕೆರೆಯಲ್ಲಿ, ಬೋರಲು ಬಿದ್ದು, ಏಕಾಂಗಿಯಾಗಿ! ಎಂದು ಹೇಳಲು ಎದ್ದೆ. ಹೊರಟದ್ದು "ಬ್ಬೊ ಬ್ಬೊ" ಎಂಬ ಸದ್ದು. ಬಕೆಟ್ಟಿನಲ್ಲಿ ಗೆಂಡೆಯೂ ಬಾಯಿ ತೆರೆದು ಮುಚ್ಚುತ್ತಿತ್ತು. ಡಾಕ್ಟರು ನನ್ನ ಹಣೆಗೆ ಕೈಯಿಟ್ಟು ಮತ್ತೆ ಒರಗಿಸಿದರು.

ಹೆಂಡತಿ ಸ್ಟೂಲಿನ ಮೇಲೆ ಕೂತಳು. ಬೆಳಗಿನಿಂದ ಅವಳು ಕೂತದ್ದು ಅದು ಎರಡನೇ ಸಲ. ಬಾತ ಕಾಲನ್ನು ಚಾಚಿ, ಬೆಂಚಿನ ಕಡೆ ನೋಡಿದಳು. ಇಬ್ಬರು ಗಂಡಸರು ಕೆಮ್ಮದೆ, ಆಕಳಿಸದೆ, ಫೋನು ನೋಡದೆ ತಾನು ಬಾಯಿ ತೆರೆಯುವುದನ್ನೇ ಕಾಯುತ್ತಿರುವುದನ್ನು ಅವಳಿಗೆ ನಂಬಲಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಡಾಕ್ಟ್ರೇ, ಇವರ ಬಾಯಿ ಎಷ್ಟು ಹೊತ್ತು ಹೀಗೇ ಇರುತ್ತೆ?"

"ಎರಡು ಗಂಟೆಯಂತೂ ಮಾತಾಡೋಕಾಗಲ್ಲ. ನಿದ್ದೆಯೂ ಬರಲ್ಲ."

ಅವಳು ಸ್ಟೂಲನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡಳು.

"ಹಾಗಾದ್ರೆ ಮದುವೆ ದಿನದಿಂದಲೇ ಶುರು ಮಾಡ್ತೀನಿ."